ಅಂಚಿನಲ್ಲಿ ಓಡುತ್ತಿದ್ದವಳು ನಡುವಿಗೆ ಬಂದಾಗ

"ಆ ಬೇಗೂರು ಹುಡ್ಗೀನೇ ಪಾಯಿಂಟ್ ಗಾರ್ಡ್ ಮಾಡ್ಬುಡನ ಮೇಡಂ" ಎಂದು ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಹೇಳಿದಾಗ ನಾನು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

"ಆಗಲ್ಲ ಸಾರ್. ಅವಳು ವಿಂಗ್. ಅದೂ ಈ ವರ್ಷ ತಾನೇ ಬಾಲ್ ಮುಟ್ಟಿದವಳು."

"ಚೆನ್ನಾಗ್ ಓಡ್ತಾಳಲ್ಲ?"

"ಓಡೋದು ಬೇರೆ, ಆಡಿಸೋದು ಬೇರೆ."

ಮೇಷ್ಟ್ರು ಕಬಡ್ಡಿಯವರು. ಬ್ಯಾಸ್ಕೆಟ್‌ಬಾಲ್ ಅವರಿಗೆ ನಿಯಮ ಪುಸ್ತಕದಿಂದ ಬಂದ ವಿದ್ಯೆ. ನಾನು ಗುಂಡ್ಲುಪೇಟೆಯ ಈ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುವವಳು. ಆದರೆ ಮೈಸೂರಿನಲ್ಲಿ ಓದುವಾಗ ಕಾಲೇಜು ತಂಡಕ್ಕೆ ಪಾಯಿಂಟ್ ಗಾರ್ಡ್ ಆಗಿ ಆಡಿದ್ದೆ. ಇದು ಹೇಗೋ ಅವರ ಕಿವಿಗೆ ಬಿದ್ದು, ಹುಡುಗಿಯರ ತಂಡಕ್ಕೆ ಬೆಳಗಿನ ಹೊತ್ತು ಒಂದಿಷ್ಟು ಹೇಳಿಕೊಡಿ ಎಂದು ಕೇಳಿದ್ದರು. ಮದುವೆಯಾಗಿ ಈ ಊರಿಗೆ ಬಂದಮೇಲೆ ಮತ್ತೆ ಶೂ ಕಟ್ಟುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ. ಕೇಳಿದ್ದೇ ತಡ, ಒಪ್ಪಿಕೊಂಡುಬಿಟ್ಟೆ.

ನಮ್ಮ ಅಂಕಣ ಕಾಲೇಜಿನ ಹಿಂದಿದೆ. ಸಿಮೆಂಟಿನ ನೆಲ, ಅಲ್ಲಲ್ಲಿ ಬಿರುಕು, ಒಂದು ಬುಟ್ಟಿಗೆ ಬಲೆ ಇದೆ, ಇನ್ನೊಂದಕ್ಕಿಲ್ಲ. ಕಾಂಪೌಂಡಿನಾಚೆ ಹೆದ್ದಾರಿ. ಚೆಂಡು ಗೋಡೆ ದಾಟಿದರೆ ಕೇರಳದ ಕಡೆ ಹೊರಟ ಲಾರಿಗಳು ಹೋಗಿ ಮುಗಿಯುವವರೆಗೆ ಕಾದು ತರಬೇಕು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಐದು ಜನರಲ್ಲಿ ಒಬ್ಬಳು ಚೆಂಡನ್ನು ನೆಲಕ್ಕೆ ಬಡಿಯುತ್ತಾ ಎದುರಾಳಿಯ ಕಡೆಗೆ ತರುತ್ತಾಳೆ. ಯಾರಿಗೆ, ಯಾವಾಗ, ಎಲ್ಲಿ ಕೊಡಬೇಕು ಅನ್ನುವುದನ್ನು ಅವಳೇ ನಿರ್ಧರಿಸುತ್ತಾಳೆ. ಅವಳೇ ಪಾಯಿಂಟ್ ಗಾರ್ಡ್. ವಿಂಗ್ ಅನ್ನುವವಳು ಅಂಚಿನಲ್ಲಿ ಓಡಿ, ಬಂದ ಚೆಂಡನ್ನು ಹಿಡಿದು, ಬುಟ್ಟಿಗೆ ಎಸೆಯುವವಳು. ಆಟ ಶುರುವಾದ ಮೇಲೆ ವಿಂಗಿಗೆ ಚೆಂಡು ಬರುತ್ತದೆ. ಚೆಂಡು ಪಾಯಿಂಟ್ ಗಾರ್ಡಿನ ಕೈಯಲ್ಲಿದ್ದಾಗಲೇ ಆಟ ಶುರುವಾಗುತ್ತದೆ. ಎರಡು ಬೇರೆ ಬೇರೆ ಸ್ವಭಾವದ ಕೆಲಸ ಇವು. ಹಾಗಂತ ನಾನು ನಂಬಿದ್ದೆ.

ಬೇಗೂರಿನ ಹುಡುಗಿ ಮೊದಲ ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ಎತ್ತರ, ತೆಳ್ಳಗೆ, ಮಡಚಿ ಕಟ್ಟಿದ ಎರಡು ಜಡೆ. ತಂದೆ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಿದ್ದರು. ಹೈಸ್ಕೂಲಿನಲ್ಲಿ ಖೋ ಖೋ ಆಡಿದ್ದಳಂತೆ. ಅವಳು ಓಡುವುದನ್ನು ಮೊದಲ ಸಲ ನೋಡಿದ ಬೆಳಿಗ್ಗೆ ನನಗೆ ಬೇರೆ ಯಾರನ್ನೂ ನೋಡಬೇಕು ಅನಿಸಲಿಲ್ಲ. ಸಿಮೆಂಟಿನ ಮೇಲೂ ಹೆಜ್ಜೆಯ ಸದ್ದು ಬರುತ್ತಿರಲಿಲ್ಲ. ಗೆರೆಯ ಪಕ್ಕದಲ್ಲೇ ಓಡುತ್ತಿದ್ದವಳು ಸರಕ್ಕನೆ ಒಳಕ್ಕೆ ತಿರುಗಿ ಬುಟ್ಟಿಯ ಕೆಳಗೆ ನಿಂತಿರುತ್ತಿದ್ದಳು. ತಡೆಯಬೇಕಾದ ಎದುರಾಳಿ ಇನ್ನೂ ಗೆರೆಯ ಹತ್ತಿರ ಅವಳನ್ನು ಹುಡುಕುತ್ತಿರುತ್ತಿದ್ದಳು. ಇಂಥ ವಿಂಗನ್ನು ಕಿತ್ತು ನಡುವಿಗೆ ತರುವುದೇ?

ಆದರೆ ಬೇರೆ ದಾರಿ ಇರಲಿಲ್ಲ. ನಮ್ಮ ಪಾಯಿಂಟ್ ಗಾರ್ಡ್ ಆಗಿದ್ದ ನಾಯಕಿ ಡಿಗ್ರಿ ಮುಗಿಸಿ ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ್ದಳು. ಗಿಡ್ಡ ದೇಹ, ದೊಡ್ಡ ಗಂಟಲು, ಚೆಂಡಿನ ಮೇಲೆ ನೋಟವೇ ಇಲ್ಲದೆ ಅದನ್ನು ಬಡಿಯುತ್ತಾ ನಡೆಯುವ ಹುಡುಗಿ. ಅವಳ ಜಾಗದಲ್ಲಿ ಉಳಿದವರನ್ನೆಲ್ಲ ನಿಲ್ಲಿಸಿ ನೋಡಿದ್ದಾಗಿತ್ತು. ಕಡೆಗೆ ನಾನೂ "ಆಯ್ತು, ನೋಡೋಣ" ಅಂದೆ.

ಹುಡುಗಿಗೆ ಹೇಳಿದಾಗ ಅವಳು ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದಳು.

"ನಾನಾ ಮೇಡಂ? ನಂಗಾಗಕಿಲ್ಲ ಬುಡಿ."

"ಯಾಕೆ?"

"ಎಲ್ರೂ ಸೀನಿಯರ್ಸು. ಅವ್ರಿಗೆ ಅಲ್ಲೋಗಿ ಇಲ್ಲೋಗಿ ಅಂತ ಎಂಗೆ ಯೋಳದು?"

ಅದು ನೆವವಲ್ಲ, ನಿಜವಾದ ತೊಡಕೇ ಆಗಿತ್ತು. ಮೊದಲ ದಿನದ ಅಭ್ಯಾಸದಲ್ಲಿ ಅವಳು ಚೆಂಡು ಹಿಡಿದು "ಅಕ್ಕಾ!" ಎಂದು ಕೂಗಿದಳು. ನಾಲ್ವರೂ ಒಟ್ಟಿಗೆ ಓಡಿಬಂದರು. ಚೆಂಡು ಯಾರಿಗೂ ಸಿಗದೆ ಗೋಡೆಯಾಚೆ ಹೋಯಿತು. ಮೇಷ್ಟ್ರು ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹುಡುಗಿ ಮಾತ್ರ ಹೆದ್ದಾರಿ ದಾಟಿ ಚೆಂಡು ತಂದು, ಏನೂ ಆಗದವಳಂತೆ ಮತ್ತೆ ಅದೇ ಜಾಗದಲ್ಲಿ ನಿಂತಳು.

ಇನ್ನೊಂದು ತೊಂದರೆ ಅವಳ ಕಾಲಿನಲ್ಲಿತ್ತು. ಚೆಂಡು ತರುವಾಗ ಎದುರಿಗೆ ಯಾರಾದರೂ ಬಂದರೆ ಅವಳು ಹಿಂದಕ್ಕೆ ತಿರುಗುತ್ತಲೇ ಇರಲಿಲ್ಲ. ಮುಂದೆ ಮುಂದೆ ಹೋಗಿ ಮೂಲೆಗೆ ಸಿಕ್ಕಿಕೊಳ್ಳುತ್ತಿದ್ದಳು. ನಾನು ಎಷ್ಟು ಸಲ ಹೇಳಿದರೂ ಅಷ್ಟೆ. ಕಾರಣವನ್ನು ಕೊನೆಗೆ ಅವಳೇ ಕಂಡುಕೊಂಡಳು. "ಮೇಡಂ, ಖೋ ಖೋದಲ್ಲಿ ಅಟ್ಟಸ್ಕಂಡ್ ಓಡವ್ರು ಒಂದ್ ಕಡೆ ಓಗಕ್ಕೆ ಶುರು ಮಾಡುದ್ರೆ ಹಿಂದುಕ್ ತಿರುಗಂಗಿಲ್ಲ, ಫೌಲು. ಕಾಲ್ಗೆ ಅದೇ ಅಭ್ಯಾಸ ಆಗೋಗದ" ಅಂದಳು. ತನ್ನ ಕಾಲನ್ನು ಬೇರೆಯವರ ಕಾಲಿನಂತೆ ದೂರದಿಂದ ನೋಡಿ ಹೇಳಿದ ಹಾಗಿತ್ತು. ಹದಿನೆಂಟರ ವಯಸ್ಸಿನಲ್ಲಿ ನನಗೆ ಆ ಕಣ್ಣು ಇರಲಿಲ್ಲ.

ಚಾಮರಾಜನಗರದ ಒಂದು ಕಾಲೇಜಿನವರ ಜೊತೆ ಸ್ನೇಹ ಪಂದ್ಯ ಆಡಿದೆವು. ಅದೊಂದು ಅನಾಹುತ. ಅವರ ಗಾರ್ಡು ನಮ್ಮ ಹುಡುಗಿಯ ಕೈಯಿಂದ ಚೆಂಡನ್ನು ಅಂಗಡಿಯಿಂದ ಸಾಮಾನು ತೆಗೆದುಕೊಂಡಷ್ಟು ಸಲೀಸಾಗಿ ತೆಗೆದುಕೊಂಡು ಹೋಗುತ್ತಿದ್ದಳು. ಮಧ್ಯದಲ್ಲಿ ನಾನು ಅವಳನ್ನು ಹೊರಗೆ ಕೂರಿಸಿದೆ. ವಾಪಸ್ ಬರುವ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಬಂದು ಕೂತಾಗ, ಅಳುತ್ತಾಳೆ, ಸಮಾಧಾನ ಮಾಡಬೇಕು ಎಂದು ಮಾತು ಹೊಂದಿಸಿಕೊಳ್ಳುತ್ತಿದ್ದೆ. ಬಸ್ಸು ತೆರಕಣಾಂಬಿ ದಾಟುವಾಗ ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಕೇಳಿದಳು.

"ಮೇಡಂ, ಆ ಅಕ್ಕ ಬಾಲ್ ಕಿತ್ಕಳುವಾಗ ಎಲ್ಲಿ ನೋಡ್ತಿದ್ರು?"

"ಯಾರು, ಅವರ ಗಾರ್ಡಾ? ಬಾಲ್ ನೋಡ್ತಾ ಇದ್ಲು."

"ಅಲ್ಲ ಮೇಡಂ. ನನ್ ಸೊಂಟ ನೋಡ್ತಿದ್ರು. ನಾನು ಯಾವ್ ಕಡೆ ತಿರುಗ್ತೀನಿ ಅಂತ ಮೊದ್ಲೇ ಗೊತ್ತಾಯ್ತಿತ್ತು ಅವ್ರಿಗೆ."

ನನ್ನ ಬಳಿಯಿದ್ದ ಸಮಾಧಾನದ ಮಾತುಗಳು ಯಾವುದಕ್ಕೂ ಬೇಕಾಗಲಿಲ್ಲ. ಸೋತ ಹೊತ್ತಿನಲ್ಲೂ ಈ ಹುಡುಗಿ ನೋಡುತ್ತಲೇ ಇದ್ದಳು. ಮಾರನೆಯ ದಿನ ಮೇಷ್ಟ್ರಿಗೆ ಹೇಳಿದೆ: "ಕೈ ಇನ್ನೂ ಬಂದಿಲ್ಲ ಸಾರ್. ಕಣ್ಣಿದೆ."

ಕೈ ಬರಿಸುವ ಕೆಲಸವನ್ನು ಹಳೆಯ ನಾಯಕಿ ವಹಿಸಿಕೊಂಡಳು. ವಾರದ ರಜೆಗೆ ಬದನಗುಪ್ಪೆಯಿಂದ ಮನೆಗೆ ಬಂದವಳು ಮಲಗಿ ನಿದ್ದೆ ಮಾಡುವುದು ಬಿಟ್ಟು ಅಂಕಣಕ್ಕೆ ಬರುತ್ತಿದ್ದಳು. ಇಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ನಾನು ಬದಿಯಲ್ಲಿ ಕೂತು ನೋಡುತ್ತಿದ್ದೆ.

"ಬಾಲ್ ನೋಡ್ಬೇಡ ಕಣಮ್ಮಿ, ಅದೆಲ್ಲೂ ಓಗಕಿಲ್ಲ. ನನ್ ಮೊಕ ನೋಡು."

"ನೋಡ್ತಾವ್ನಿ ಅಕ್ಕ."

"ನೋಡ್ತಾ ಮಾತಾಡು. ನೆನ್ನೆ ಮನೇಲಿ ಏನ್ ಸಾರು?"

"ಉಳ್ಳಿಕಾಳು."

"ಒಗ್ಗರಣೆಗೆ ಏನಾಕಿದ್ರು?"

ಹುಡುಗಿ ಒಗ್ಗರಣೆ ನೆನಪಿಸಿಕೊಳ್ಳುವಷ್ಟರಲ್ಲಿ ನಾಯಕಿ ಚೆಂಡು ಕಸಿದಿರುತ್ತಿದ್ದಳು. ವಾರಗಳು ಕಳೆದ ಹಾಗೆ ಮಾತು ಉದ್ದವಾಯಿತು, ಚೆಂಡು ಉಳಿಯತೊಡಗಿತು. ಒಂದು ಬೆಳಿಗ್ಗೆ ಹುಡುಗಿ ಮನೆಯ ಇಡೀ ಊಟದ ವಿವರ ಒಪ್ಪಿಸುತ್ತಾ, ಎಡಕ್ಕೆ ಹೋದಂತೆ ಮಾಡಿ, ಹಿಂದಕ್ಕೆ ತಿರುಗಿ, ಬಲಗಡೆಯಿಂದ ದಾಟಿಹೋದಳು. ನಾಯಕಿ ನಿಂತಲ್ಲೇ ಚಪ್ಪಾಳೆ ತಟ್ಟಿ, "ನೋಡುದ್ರಾ ಮೇಡಂ, ತಿರುಗ್ಬುಟ್ಲು!" ಎಂದು ಕೂಗಿದಳು. ತನ್ನ ಜಾಗಕ್ಕೆ ಬರುವವಳನ್ನು ಹೀಗೆ ಬೆಳೆಸುವವರು ಎಷ್ಟು ಜನ ಸಿಕ್ಕಾರು?

ಕೂಗುವ ಸಮಸ್ಯೆ ಹಾಗೇ ಉಳಿದಿತ್ತು. ಹಿರಿಯರ ಹೆಸರು ಹಿಡಿದು ಕೂಗಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ನಾನು ಮೈಸೂರಿನಲ್ಲಿ ಕಲಿತ ಹಾಗೆ ಒಂದು, ಎರಡು, ಮೂರು ಎಂದು ಸಂಖ್ಯೆಗಳನ್ನು ಕೊಟ್ಟೆ. ಅವು ಯಾರ ತಲೆಯಲ್ಲೂ ನಿಲ್ಲಲಿಲ್ಲ. ಒಂದು ದಿನ ಅವಳು ಅಭ್ಯಾಸದ ನಡುವೆ ಇದ್ದಕ್ಕಿದ್ದಂತೆ "ಟೊಮೆಟೊ!" ಎಂದು ಕಿರುಚಿದಳು. ಎಲ್ಲರೂ ನಿಂತುಬಿಟ್ಟರು.

"ಏನೇ ಅದು?" ಅಂದೆ.

ಅವಳು ನಾಚಿಕೊಂಡೇ ವಿವರಿಸಿದಳು. "ನಮ್ಮಪ್ಪ ಟೆಂಪೋಗೆ ಟೊಮೆಟೊ ಏರಿದ್ರೆ ಎಲ್ಲೂ ನಿಲ್ಸಕಿಲ್ಲ ಮೇಡಂ, ಕೊಳೆತೋಯ್ತದೆ ಅಂತ ಒಂದೇ ಸಮ ಓಯ್ತಾರೆ. ಈರುಳ್ಳಿ ಆದ್ರೆ ನಿದಾನಕ್ಕೆ ಟೀ ಕುಡ್ಕಂಡು ಓಯ್ತಾರೆ. ಅದ್ಕೆ, ಟೊಮೆಟೊ ಅಂದ್ರೆ ಎಲ್ರೂ ಓಡಿ, ಬಾಲ್ ಕೈಯಲ್ಲಿ ಇಟ್ಕಬೇಡಿ. ಈರುಳ್ಳಿ ಅಂದ್ರೆ ನಿದಾನ, ಜಾಗ ನೋಡ್ಕಳಿ."

ಹಿರಿಯ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆದರೆ ಗುಂಡ್ಲುಪೇಟೆ ಸುತ್ತಮುತ್ತಲಿನ ಹುಡುಗಿಯರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಅಂದಿನ ಅಭ್ಯಾಸ ಮುಗಿಯುವಷ್ಟರಲ್ಲಿ ಬೀಟ್ರೂಟು, ಕೋಸು ಎಲ್ಲ ಸೇರಿಕೊಂಡವು. ತರಕಾರಿಯ ಹೆಸರು ಕೂಗಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ಅದು ಯಾರಿಗೂ ಅಪ್ಪಣೆ ಕೊಟ್ಟಂತೆ ಕೇಳಿಸುತ್ತಿರಲಿಲ್ಲ. ಅವಳ ಗಂಟಲು ಎಷ್ಟು ದೊಡ್ಡದೆಂದು ಆವತ್ತೇ ನಮಗೆ ಗೊತ್ತಾದದ್ದು.

ಕಾಲೇಜುಗಳ ಪಂದ್ಯಾವಳಿ ಚಾಮರಾಜನಗರದಲ್ಲಿ. ಮೊದಲ ಪಂದ್ಯ ಸುಲಭವಾಗಿ ಗೆದ್ದೆವು. ಸೆಮಿಫೈನಲ್ಲಿನಲ್ಲಿ ಎದುರಾದದ್ದು ಸ್ನೇಹ ಪಂದ್ಯದಲ್ಲಿ ನಮ್ಮನ್ನು ಹರಿದು ಹಾಕಿದ್ದ ಅದೇ ತಂಡ. ಅವರಿಗೆ ನಮ್ಮ ಹುಡುಗಿಯ ನೆನಪು ಚೆನ್ನಾಗಿತ್ತು. ಅವಳ ಕೈಗೆ ಚೆಂಡು ಬಂದ ಕೂಡಲೇ ಇಬ್ಬರು ಬಂದು ಮುತ್ತಿದರು. ಮೊದಲ ಸಲ ಚೆಂಡು ಹೋಯಿತು. ಎರಡನೇ ಸಲವೂ ಹೋಯಿತು. ಮೇಷ್ಟ್ರು ನನ್ನ ಕಡೆ ತಿರುಗಿ, "ತೆಗೀಬೇಕಾ ಮೇಡಂ?" ಅಂದರು. ನನ್ನ ಬಾಯಿಗೆ 'ಹೂಂ' ಬಂದಿತ್ತು.

ಅಷ್ಟರಲ್ಲಿ ಮೂರನೇ ಸಲ ಚೆಂಡು ಅವಳ ಕೈಗೆ ಬಂತು. ಇಬ್ಬರೂ ಅವಳತ್ತ ಓಡಿದರು. ಅವಳು ಚೆಂಡನ್ನು ಬಡಿಯಲೇ ಇಲ್ಲ. ಅವರಿಬ್ಬರೂ ಹತ್ತಿರ ಬರುವವರೆಗೆ ನಿಂತು, ಅವರ ತಲೆಯ ಮೇಲಿಂದ ಚೆಂಡನ್ನು ನಡುವಿನಲ್ಲಿದ್ದ ನಮ್ಮ ಇನ್ನೊಬ್ಬ ಎತ್ತರದ ಹುಡುಗಿಗೆ ಎಸೆದು, "ಟೊಮೆಟೊ!" ಎಂದು ಕೂಗಿ, ಅಂಚಿನ ಗೆರೆ ಹಿಡಿದು ಓಡಿದಳು. ಆ ಓಟ ನನಗೆ ಗೊತ್ತಿತ್ತು. ಅದು ಅವಳ ಹಳೆಯ ಓಟ, ವಿಂಗಿನ ಓಟ. ಮುತ್ತಿದ್ದ ಇಬ್ಬರೂ ಹಿಂದೆ ಉಳಿದರು. ಚೆಂಡು ವಾಪಸ್ ಅವಳ ಕೈಗೆ ಬಂದಾಗ ಮುಂದೆ ಅವರ ಕಡೆಯವರು ಕಡಿಮೆ, ನಮ್ಮವರು ಹೆಚ್ಚು. ತಾನೇ ಎಸೆಯಬಹುದಿತ್ತು. ಪಕ್ಕದಲ್ಲಿ ಓಡಿಬಂದ ಅಕ್ಕನಿಗೆ ಕೊಟ್ಟಳು. ಚೆಂಡು ಬುಟ್ಟಿಗೆ ಬಿತ್ತು.

"ಇದು ನೀವ್ ಕಲ್ಸಿದ್ದಾ?" ಎಂದರು ಮೇಷ್ಟ್ರು.

"ಇಲ್ಲ ಸಾರ್. ನಂಗೂ ಬರ್ತಿರ್ಲಿಲ್ಲ."

ಸುಳ್ಳಲ್ಲ. ಇಬ್ಬರು ಮುತ್ತಿದರೆ ನಾನು ಚೆಂಡು ಬಡಿಯುತ್ತಾ ನುಸುಳಿ ಹೋಗಲು ನೋಡುತ್ತಿದ್ದೆ. ಪಾಯಿಂಟ್ ಗಾರ್ಡ್ ಅಂದರೆ ಚೆಂಡನ್ನು ಬಿಡದವಳು ಅಂತಲೇ ನಾನು ಕಲಿತದ್ದು. ಈ ಹುಡುಗಿಗೆ ಚೆಂಡು ತನ್ನದು ಅನ್ನಿಸಿರಲೇ ಇಲ್ಲ. ಕೊಟ್ಟರೆ ತಿರುಗಿ ಬರುತ್ತದೆ ಅಂತ ಗೊತ್ತಿದ್ದವಳಂತೆ ಕೊಡುತ್ತಿದ್ದಳು. ಎದುರಾಳಿಗಳು ಮುತ್ತಿದಷ್ಟೂ ಅವರ ಬೆನ್ನ ಹಿಂದೆ ಬಯಲು ತೆರೆಯಿತು. ನಮ್ಮ ಅಂಕಗಳ ಮುನ್ನಡೆ ಅವರು ಮತ್ತೆ ಮುಟ್ಟಲಾರದಷ್ಟಾದಾಗ ನಮ್ಮ ಹುಡುಗಿ ಚೆಂಡು ಹಿಡಿದು, ಬೆವರು ಒರೆಸಿಕೊಂಡು, "ಈರುಳ್ಳಿ" ಅಂದಳು. ಅಂಕಣದ ಹೊರಗೆ ಕೂತಿದ್ದ ಯಾರೋ "ಇವ್ರೇನ್ಲಾ ಸಂತೆ ನಡುಸ್ತಾವ್ರೆ!" ಅಂದದ್ದು ನನಗೂ ಕೇಳಿಸಿತು.

ಫೈನಲ್ ಸೋತೆವು. ಅದನ್ನು ಮುಚ್ಚಿಡುವಂಥದ್ದೇನಿಲ್ಲ. ಆ ತಂಡದ ಗಾರ್ಡು ಹುಟ್ಟಾ ಗಾರ್ಡು. ಅವಳು ಒಬ್ಬಳೇ ಬಂದು ನಿಲ್ಲುತ್ತಿದ್ದಳು, ಹಿಂದೆ ಬಯಲು ಬಿಡುತ್ತಿರಲಿಲ್ಲ. ನಮ್ಮ ಹುಡುಗಿಯ ಕೈಯ ಕಚ್ಚಾತನ ಅಲ್ಲಿ ಬಯಲಾಯಿತು. ಆದರೂ ಅವಳು ಕೊನೆಯ ಸೀಟಿಯವರೆಗೆ ಚೆಂಡು ಕೇಳಿ ಕೇಳಿ ಪಡೆದಳು. ಕಳೆದುಕೊಂಡ ಪ್ರತಿ ಸಲವೂ ಮೊದಲು ಹಿಂದಕ್ಕೆ ಓಡಿದವಳು ಅವಳೇ. ಪಂದ್ಯ ಮುಗಿದಮೇಲೆ ಆ ಗಾರ್ಡು ನೀರಿನ ಬಾಟಲಿ ಹಿಡಿದು ನಮ್ಮ ಬೆಂಚಿಗೇ ಬಂದು, "ನೀನು ಎಷ್ಟ್ ವರ್ಷದಿಂದ ಗಾರ್ಡ್ ಆಡ್ತಿದ್ದೀಯ?" ಎಂದು ಕೇಳಿದಳು. ನಮ್ಮವಳು "ಈ ಮಳೆಗಾಲದಿಂದ ಅಕ್ಕ" ಅಂದಾಗ ಆಕೆ ನನ್ನ ಮುಖ ನೋಡಿದಳು, ನಿಜವೇ ಅನ್ನುವಂತೆ. ನಾನು ತಲೆಯಾಡಿಸಿದೆ. ಆ ಕ್ಷಣದಷ್ಟು ಹೆಮ್ಮೆ ಮೈಸೂರಿನಲ್ಲಿ ನಾನೇ ಕಪ್ ಗೆದ್ದಾಗಲೂ ನನಗೆ ಆಗಿರಲಿಲ್ಲ.

ಮರುವರ್ಷ ಮೊದಲ ವರ್ಷಕ್ಕೆ ಒಬ್ಬಳು ಪುಟ್ಟ ಹುಡುಗಿ ಬಂದಳು. ಚೆಂಡು ಅವಳ ಅಂಗೈಗೆ ಅಂಟಿಕೊಂಡೇ ಇರುತ್ತಿತ್ತು. ಬೇಗೂರಿನ ಹುಡುಗಿಯನ್ನು ಕರೆದು, "ನಿಂಗೆ ಯಾವ ಜಾಗ ಬೇಕು, ನೀನೇ ಹೇಳು" ಅಂದೆ. ಅವಳು ಯೋಚಿಸಲು ಎರಡು ದಿನ ಸಮಯ ಕೇಳಿ, ಮೂರನೇ ದಿನ ಬಂದು, "ವಿಂಗಿಗೇ ಓಯ್ತಿನಿ ಮೇಡಂ. ಆದ್ರೆ ಆ ಮರಿ ಸುಸ್ತಾದಾಗ ಬಾಲ್ ನಂಗೇ ಕೊಡಿ. ನಡುವಿನ ರುಚಿ ಹತ್ಬುಟ್ಟದೆ" ಅಂದಳು.

ಅವಳು ಅಂಚಿಗೆ ಮರಳಿದಮೇಲೆ ಅವಳ ಆಟದಲ್ಲಿ ಮೊದಲಿಲ್ಲದ ಒಂದು ಗುಣ ಕಂಡಿತು. ಗಾರ್ಡಿನ ಕೈಯಲ್ಲಿ ಚೆಂಡು ಸಿಕ್ಕಿಕೊಳ್ಳುವ ಮುಂಚೆಯೇ ಅವಳು ಅದನ್ನು ಬಿಡಿಸುವ ಜಾಗದಲ್ಲಿ ಬಂದು ನಿಂತಿರುತ್ತಿದ್ದಳು. ನಡುವಿನಲ್ಲಿ ನಿಂತವಳಿಗೆ ಏನು ಬೇಕು ಅನ್ನುವುದು ಅಲ್ಲಿ ನಿಂತು ನೋಡಿದ್ದವಳಿಗೆ ಗೊತ್ತಿತ್ತು. ಪುಟ್ಟ ಹುಡುಗಿ ಒಂದು ದಿನ ನನ್ನ ಹತ್ತಿರ, "ಮೇಡಂ, ಆ ಅಕ್ಕ ಇದ್ರೆ ನಂಗೆ ಭಯಾನೇ ಆಗಕಿಲ್ಲ" ಅಂದಳು.

ಮೇಷ್ಟ್ರಿಗೂ ನನಗೂ ವಾದ ಇನ್ನೂ ಮುಗಿದಿಲ್ಲ. ವಿಂಗು ಗಾರ್ಡ್ ಆಗಬಹುದು ಎಂದು ತಾವು ಮೊದಲೇ ಹೇಳಿದ್ದಾಗಿ ಅವರು ಊಟದ ಹೊತ್ತಿನಲ್ಲಿ ಆಗಾಗ ನೆನಪಿಸುತ್ತಾರೆ. ಎಲ್ಲ ವಿಂಗೂ ಆಗಲ್ಲ ಸಾರ್, ಇವಳಾದಳು ಅನ್ನುತ್ತೇನೆ ನಾನು. ಈ ವರ್ಷ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಅವಳನ್ನು ಮೈಸೂರಿಗೆ ಕಳಿಸಿದೆವು. ಎರಡೂ ಜಾಗದಲ್ಲಿ ಆಡಿಸಿ ನೋಡಿದರಂತೆ. ಆಯ್ಕೆಯಾದ ಸುದ್ದಿಯನ್ನು ಅವಳು ಫೋನಿನಲ್ಲಿ ಹೇಳಲಿಲ್ಲ. ಬೇಗೂರಿನಿಂದ ಮೊದಲ ಬಸ್ಸಿಗೆ ಬಂದು, ಅಂಕಣದಲ್ಲಿ ನನಗಾಗಿ ಕಾಯುತ್ತಿದ್ದಳು. ಜೊತೆಗೆ ಅವಳ ಅಪ್ಪ ಇದ್ದರು. ಅವರು ಮೊದಲ ಸಲ ಅಂಕಣ ನೋಡಿದ್ದು. ಬಲೆ ಇರುವ ಬುಟ್ಟಿಯ ಕೆಳಗೆ ನಿಂತು, ಕತ್ತೆತ್ತಿ, "ಇಷ್ಟೆತ್ತರಕ್ಕಾ ಕಣಮ್ಮಿ ನೀನು ಎಸೆಯದು?" ಎಂದು ಮಗಳನ್ನು ಕೇಳುತ್ತಿದ್ದರು. ಅವಳು ಚೆಂಡನ್ನು ಅವರ ಕೈಗೆ ಕೊಟ್ಟಳು.