ಬಸ್ಸಿನಲ್ಲಿ ಸಿಕ್ಕ ಶುಭಸಮಾಚಾರ

ಎಂಬತ್ತರ ದಶಕದಲ್ಲಿ ನನಗೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಮೂತ್ರವೇನೋ ಸಲೀಸಾಯಿತು, ಆದರೆ ಗಂಡಸುತನ ಉಳಿದಿದೆಯೇ ಎಂದು ಡಾಕ್ಟರನ್ನು ಕೇಳಲು ಬಾಯಿ ಬರಲಿಲ್ಲ. ತಿಂಗಳುಗಟ್ಟಲೆ ಜಗಲಿಯಲ್ಲೇ ಮಲಗಿದೆ.

ಒಮ್ಮೆ ನಾನೂ ಹೆಂಡತಿಯೂ ಹೊನ್ನಾಳಿಯಿಂದ ಸವಳಂಗಕ್ಕೆ ಹೊರಟಿದ್ದೆವು. ಬಸ್ಸಿನಲ್ಲಿ ಪಕ್ಕದವರೊಬ್ಬರು ನನ್ನ ಆಪರೇಷನ್ ವಿಷಯ ತಿಳಿದು, ಎಲ್ಲರಿಗೂ ಕೇಳುವಂತೆ ಮರುಗಿದರು: "ಅಯ್ಯೋ, ಸಂಸಾರ ಮುಗೀತು ಅನ್ರಿ! ಇನ್ನು ಭಜನೆ ಮಾಡಾಕೆ ಅಡ್ಡಿಯಿಲ್ಲ."

ಎಂಥ ಸಾಂತ್ವನ!

ಮುಂದಿನ ಸೀಟಿನಿಂದ ನನ್ನ ಹೆಂಡತಿ ತಿರುಗಿದಳು. "ಏನೂ ಮುಗಿದಿಲ್ರೀ. ಡಾಕ್ಟರನ್ನ ನಾನೇ ಕೇಳೀನಿ. ವೀರ್ಯ ಹೊರಗೆ ಬರಲ್ಲ, ಉಚ್ಚೆ ಚೀಲಕ್ಕೆ ಹೋಗುತ್ತೆ ಅಷ್ಟೆ. ಉಳಿದದ್ದೆಲ್ಲ ಮೊದಲಿನಂಗೇ ಐತೆ."

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ನನ್ನತ್ತ ತಿರುಗಿ ನೋಡಿದ.

"ನನಗ್ಯಾಕೆ ಹೇಳಲಿಲ್ಲ?" ಎಂದು ಪಿಸುಗುಟ್ಟಿದೆ.

"ನೀವು ಕೇಳಿದ್ರಾ?" ಅಂದಳು.

ಅಂತೂ ನನ್ನ ಗಂಡಸುತನದ ವಿಚಾರ ನನಗೂ ಕಂಡಕ್ಟರಿಗೂ ಒಟ್ಟಿಗೇ ತಿಳಿಯಿತು.