ಎಂಜಿನ್ ಹಿಂದಿಟ್ಟ ಗಾಳಿರಾಯ

ಗಂಡನನ್ನು ಊರೆಲ್ಲ ಗಾಳಿರಾಯ ಎಂದು ಕರೆದರೆ ಹೊಲಿಗೆಯಮ್ಮನಿಗೆ ನಗು. ಕಾರಿನ ಓಟದಲ್ಲಿ ಗಾಳಿಯನ್ನೇ ಹಿಂದೆ ಹಾಕುತ್ತಿದ್ದ ಮನುಷ್ಯ, ಊಟಕ್ಕೆ ಕೂಗಿದರೆ ಅನ್ನ ಆರುವವರೆಗೂ ಏಳುತ್ತಿರಲಿಲ್ಲ.

ಹಿತ್ತಲಿನ ತಗಡಿನ ಶೆಡ್ಡೇ ಅವನ ಕಾರ್ಖಾನೆ. ಗುಜರಿಯಿಂದ ತಂದ ವ್ಯಾನಿನ ಎಂಜಿನ್, ಕೊಳವೆ ಬೆಸೆದು ಮಾಡಿದ ಚೌಕಟ್ಟು, ಮರಳಿನ ಚೀಲದ ಮೇಲೆ ಬಡಿದು ಬಗ್ಗಿಸಿದ ಅಲ್ಯೂಮಿನಿಯಂ ಹಾಳೆ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ ಟಕಟಕ, ಹಿಂದೆ ಅವನ ಸುತ್ತಿಗೆ ಠಣಠಣ. ನೆರೆಯವರು ಕಿವಿ ಮುಚ್ಚಿಕೊಂಡರೂ ಅವರಿಬ್ಬರಿಗೆ ಅದೇ ಸಂಸಾರದ ಸದ್ದು.

ಅವನು ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದಾಗ ಓಟದ ಜನ ಬಿದ್ದು ಬಿದ್ದು ನಕ್ಕರು.

“ಏನಪ್ಪಾ, ಗಾಡಿ ಮುಂದೆ, ಕುದುರೆ ಹಿಂದೆ?”

“ತಿರುವಿನಲ್ಲಿ ಸಿಗೋಣ,” ಎಂದ.

ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ ಓಟ. ತಿರುವು ಬಂದಾಗ ಉಳಿದ ಕಾರುಗಳು ಹಿಂಬದಿ ಜಾರಿ ಬಾಲ ಬೀಸಿದವು. ಅವನದು ದಾರ ಹಿಡಿದು ಎಳೆದಂತೆ ನುಣ್ಣಗೆ ತಿರುಗಿತು. ಗೆದ್ದ. ಮರುದಿನದ ಪತ್ರಿಕೆಯಲ್ಲಿ ಮಾತ್ರ ಟ್ರೋಫಿ ಹಿಡಿದು ನಿಂತವನು ಟೈರು ಕೊಟ್ಟ ಅಂಗಡಿಯ ಧಣಿ. ಅವನ ಹಿಂದೆ ಗಾಳಿರಾಯನ ಅರ್ಧ ಭುಜ.

“ಮೈಯೆಲ್ಲ ಎಣ್ಣೆ ಮಾಡ್ಕೊಂಡಿದ್ದು ನೀವು, ಫೋಟೋ ಅವರದಾ?”

“ಭುಜ ಚೆನ್ನಾಗಿ ಬಂದಿದೆ, ಬಿಡೇ.”

ಮರುವರ್ಷದ ಓಟದಲ್ಲಿ ಎದುರಾಳಿಯೊಬ್ಬನ ಕಾರು ಮಗುಚಿ ಹೊತ್ತಿಕೊಂಡಿತು. ಮುಂದಿದ್ದ ಗಾಳಿರಾಯ ತನ್ನ ಕಾರು ನಿಲ್ಲಿಸಿ, ಹಿಂದಕ್ಕೋಡಿ, ಬರಿಗೈಯಲ್ಲೇ ಅವನನ್ನು ಎಳೆದು ತಂದ. ಅವನ ಜೀವ ಉಳಿಯಿತು. ಇವನ ಬೆರಳುಗಳು ಬೆಂದು ಮಡಚಿಹೋದವು. ಮತ್ತೆ ಸ್ಟೀರಿಂಗ್ ಹಿಡಿಯಲಾಗಲಿಲ್ಲ.

ಶೆಡ್ಡಿನ ಬಾಗಿಲು ಬಹಳ ಕಾಲ ತೆರೆಯಲಿಲ್ಲ. ಕೊನೆಗೆ ಅವಳೇ ಚಿಲಕ ಸರಿಸಿದಳು.

“ನೀವು ಹೇಳ್ಕೊಡಿ, ನಾನು ಓಡಿಸ್ತೀನಿ.”

“ಸೈಕಲ್ ತುಳಿಯೋಕೆ ಬರಲ್ಲ ನಿನಗೆ!”

“ಹೊಲಿಗೆ ಯಂತ್ರ ತುಳಿಯಲ್ವಾ? ಇದಕ್ಕೂ ಕಾಲೇ ತಾನೆ?”

ಕಲಿತಳು. ಸೆರಗು ಸೊಂಟಕ್ಕೆ ಬಿಗಿದು ಆ ಹಳೆಯ ರನ್‌ವೇಯಲ್ಲಿ ಅವಳು ಪರೀಕ್ಷೆಗೆಂದು ಕಾರು ಬಿಟ್ಟರೆ, ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತ ನಿಲ್ಲುತ್ತಿದ್ದ. ಬಂದು ಇಳಿದವಳದು ಹೊಲಿಗೆಯದೇ ಭಾಷೆ.

“ಎಡಕ್ಕೆ ತಿರುಗಿಸಿದ್ರೆ ಕಂಕುಳಲ್ಲಿ ಬಿಗಿಯಾದ ರವಿಕೆ ಥರ ಎಳೆಯುತ್ತೆ.”

“ಹಾಗಾದ್ರೆ ಸ್ವಲ್ಪ ಬಿಚ್ಚಿ ಹೊಲಿಯೋಣ,” ಎಂದು ಅವನು ಸ್ಪ್ರಿಂಗಿನ ಬಳಿ ಬಗ್ಗುತ್ತಿದ್ದ, ಸ್ಪಾನರನ್ನು ಮಣಿಕಟ್ಟಿಗೆ ಕಟ್ಟಿಕೊಂಡು. ಅವಳ ಬದುಕಿನಲ್ಲಿ ಅಂಥ ಸೊಗಸಿನ ದಿನಗಳು ಮತ್ತೆ ಬರಲಿಲ್ಲ.

ಆ ಶೆಡ್ಡಿನಲ್ಲಿ ಹುಟ್ಟಿದ ಕಾರುಗಳಲ್ಲಿ ಬೇರೆಯವರು ಗೆದ್ದರು. ಅಂದು ಬೆಂಕಿಯಿಂದ ಪಾರಾದ ಎದುರಾಳಿಯೂ ಗೆದ್ದ. ಬರಬರುತ್ತ ಆ ರನ್‌ವೇಯಲ್ಲಿ ಓಡುವ ಕಾರಿಗೆಲ್ಲ ಎಂಜಿನ್ ಹಿಂದೆ ಹೋಯಿತು. ಮೊದಲು ಇಟ್ಟವರು ಯಾರೆಂದು ಕೇಳುವವರಿರಲಿಲ್ಲ.

ಗಾಳಿರಾಯ ತೀರಿಕೊಂಡ ಮೇಲೆ ಆ ಎದುರಾಳಿ ಕೋಲೂರಿಕೊಂಡು ಮನೆಗೆ ಬಂದ.

“ಅತ್ತಿಗೆ, ಎಲ್ಲ ಅವನ ತಲೆ. ನಾವು ಬರೀ ಕೂತ್ಕೊಂಡ್ವಿ.”

“ಅವರಿದ್ದಾಗ ಒಂದು ಮಾತು ಅನ್ನಬಾರದಿತ್ತಾ?”

ಅವನು ಕಾರು ಕ್ಲಬ್ಬಿನ ಗೋಡೆಗೆ ಗಾಳಿರಾಯನ ಹೆಸರಿನ ಫಲಕ ಹಾಕಿಸುವುದಾಗಿ ಹೇಳಿದ. ಅವಳು ಬೇಡವೆಂದಳು. ಶೆಡ್ಡಿನಲ್ಲಿ ಉಳಿದಿದ್ದ ಕಾರನ್ನು ಕೊಡುತ್ತೇನೆ, ಆದರೆ ಸುಮ್ಮನೆ ನಿಲ್ಲಿಸಿಡಬಾರದು, ವರ್ಷಕ್ಕೊಮ್ಮೆಯಾದರೂ ಓಡಿಸಬೇಕು ಎಂದಳು.

ಓಡಿಸುತ್ತಾರೆ. ಸೊಸೆಯ ಜೊತೆ ಬಂದು ರನ್‌ವೇಯ ಬೇಲಿಯ ಬಳಿ ಕುರ್ಚಿ ಹಾಕಿಕೊಂಡು ಅವಳು ಕೂರುತ್ತಾಳೆ. ಪಕ್ಕದಲ್ಲಿ ಯಾರಾದರೂ “ಇದನ್ನ ಯಾರು ಮಾಡಿದ್ದು?” ಅಂದರೆ ಮುಗಿಯಿತು, ಸೊಸೆ ಬಂದು ಕೈ ಹಿಡಿದು ಎಳೆಯುವವರೆಗೂ ಮಾತು ನಿಲ್ಲುವುದಿಲ್ಲ.