ಊಟದ ಹಾಲ್‌ಗೆ ಬಾದಾಮಿಯ ಬಂಡೆ

1956ರ ಸುಮಾರಿಗೆ ನಾನು ಮಾಟುಂಗಾದ ಒಂದು ಫೋಟೋ ಸ್ಟುಡಿಯೋದಲ್ಲಿ ರಿಟಚರ್ ಆಗಿದ್ದೆ. ರಿಟಚರ್ ಎಂದರೆ ನೆಗೆಟಿವ್ ಮೇಲೆ ಮೊನಚು ಪೆನ್ಸಿಲ್ ಆಡಿಸಿ ಮುಖದ ಸುಕ್ಕು, ಮೊಡವೆ, ಸಿಡುಬಿನ ಕಲೆಗಳನ್ನು ಮಾಯ ಮಾಡುವವಳು. ಸಯನ್, ವಡಾಲ, ಆಂಟಾಪ್ ಹಿಲ್ ಕಡೆಯ ಎಷ್ಟೋ ಹುಡುಗಿಯರ ಫೋಟೋ ನನ್ನ ಕೈ ದಾಟಿಯೇ ಗಂಡಿನ ಮನೆಗೆ ಹೋಗುತ್ತಿತ್ತು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಆ ಸಾಲಿನಲ್ಲೇ ಇರಲಿಲ್ಲ. ಧಾರವಾಡದಿಂದ ಬಂದವಳು, ಹೆಸರಿಗಷ್ಟೇ ಶಾಂತಾ, ಬಾಯಿ ಮಾತ್ರ ಜೋರು. ಮಧ್ಯಾಹ್ನದ ಮೇಲೆ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮಾಡುವುದೂ ನನ್ನ ಕೆಲಸವೇ. ಹೆಂಗಸೊಬ್ಬಳಿಗೆ ಆ ಕತ್ತಲೆ ಕೋಣೆ ಬಿಟ್ಟುಕೊಟ್ಟದ್ದು ಮಹಾ ಉಪಕಾರವೆಂದು ಮಾಲೀಕ ಪರಾಂಜಪೆಯವರು ಆಗಾಗ ನೆನಪಿಸುತ್ತಿದ್ದರು.

ಸಯನ್ ಸ್ಟೇಷನ್ ಹತ್ತಿರ ಉಡುಪಿ ಕಡೆಯ ಶೆಟ್ಟರದೊಂದು ಹೊಟೇಲಿತ್ತು. ಆ ವರ್ಷ ಅವರು ಅದಕ್ಕೊಂದು ಹೊಸ ಹಾಲ್ ಸೇರಿಸಿದ್ದರು. ಅದರ ಉದ್ದನೆಯ ಗೋಡೆ ಬೋಳಾಗಿತ್ತು. ಅಲ್ಲಿಗೆ ಆಳೆತ್ತರದ ಮೂರು ಫೋಟೋ ಬೇಕು, ನಮ್ಮ ಕನ್ನಡನಾಡಿನದೇ ಆಗಬೇಕು ಎಂದು ಅವರ ಆರ್ಡರ್. ನಮ್ಮ ಫೋಟೋಗ್ರಾಫರ್ ಕುಲಕರ್ಣಿ ವಿಜಾಪುರದವರು. ಅವರು ಬಾದಾಮಿಗೆ ಹೋಗಿ ಗುಹೆಯ ಮೂರ್ತಿಗಳನ್ನು ಬಹಳ ಚಂದ ತೆಗೆದುಕೊಂಡು ಬಂದರು. ಹಾವಿನ ಮೇಲೆ ಕುಳಿತ ವಿಷ್ಣುವಿನ ಪ್ರಿಂಟನ್ನು ನಾನೇ ಮಾಡಿದ್ದೆ, ಕೈಮುಗಿಯುವ ಹಾಗಿತ್ತು.

ಶೆಟ್ಟರು ಕೈಮುಗಿದರು ಕೂಡ. ಮುಗಿದು ಪಕ್ಕಕ್ಕೆ ಸರಿಸಿದರು.

"ಎಂತ ಮಾರಾಯ್ರೆ, ದೇವರ ಎದುರು ಎಂಜಲೆಲೆ ಹಾಕ್ತಾರಾ? ದೇವರ ಜಾಗ ಗಲ್ಲಾದ ಹತ್ತಿರ. ಊಟದ ಗೋಡೆಗೆ ಆಗುದಿಲ್ಲ."

ಪರಾಂಜಪೆ, ಕುಲಕರ್ಣಿ, ನಾನು ಮೂವರೂ ಮುಖ ಮುಖ ನೋಡಿಕೊಂಡೆವು. ಮಡಿ, ಎಂಜಲು ಎಂದು ಮನೆಯಲ್ಲಿ ದಿನವಿಡೀ ಅನ್ನುವ ಜನ ನಾವು. ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲವಲ್ಲ! ಕುಲಕರ್ಣಿ ಮತ್ತೆ ಬಾದಾಮಿಗೆ ಹೋಗಿಬರುವವರೆಗೆ ಕಾಯುವ ಪುರುಸೊತ್ತು ಶೆಟ್ಟರಿಗಿರಲಿಲ್ಲ. "ಬೇರೆ ಇದ್ದರೆ ತೋರಿಸಿ, ಇಲ್ಲದಿದ್ದರೆ ನಾನು ಬೇರೆ ಸ್ಟುಡಿಯೋ ನೋಡ್ತೇನೆ" ಎಂದು ಎದ್ದು ಹೋದರು.

ಉಳಿದದ್ದು ಕುಲಕರ್ಣಿ ಗುಡ್ಡ ಹತ್ತುವಾಗ ತೆಗೆದ ಕೆಲವು ನೆಗೆಟಿವ್ ಮಾತ್ರ. ಬಾದಾಮಿಯ ಗುಡ್ಡವೆಲ್ಲ ಮರಳುಗಲ್ಲು. ಕೆಲವು ಕಡೆ ಬಂಡೆ ಮೇಲಿಂದ ಕೆಳಗಿನವರೆಗೆ ಸೀಳಿ, ಒಬ್ಬರು ನುಸುಳುವಷ್ಟೇ ಓಣಿಯಾಗಿದೆ. ಎರಡೂ ಬದಿ ಎತ್ತರದ ಗೋಡೆ, ತಲೆಯ ಮೇಲೆ ಆಕಾಶದ ಒಂದು ಪಟ್ಟಿ. ಅಳತೆ ತಿಳಿಯಲೆಂದು ಕುಲಕರ್ಣಿ ದಾರಿ ತೋರಿಸಿದವನನ್ನೇ ಮಧ್ಯೆ ನಿಲ್ಲಿಸಿದ್ದರು. ಫೋಟೋಗ್ರಾಫರುಗಳ ಹಳೇ ಪದ್ಧತಿ ಅದು. ಪರಾಂಜಪೆ ಅವನ್ನು ನೋಡಿ ಮೂಗು ಮುರಿದರು.

ನಾನು ಒಂದು ನೆಗೆಟಿವನ್ನು ರಿಟಚಿಂಗ್ ಮೇಜಿನ ಗಾಜಿನ ಮೇಲೆ ತಲೆಕೆಳಗಾಗಿ ಇಟ್ಟೆ. ಇದು ನನ್ನ ರೂಢಿ. ಮುಖ ನೆಟ್ಟಗಿದ್ದರೆ ಕಣ್ಣು ಮೂಗು ಕಾಣುತ್ತವೆ, ತಿರುಗಿಸಿಟ್ಟರೆ ಬೆಳಕು ನೆರಳು ಮಾತ್ರ ಕಾಣುತ್ತದೆ. ಅಬ್ಬಾ, ಅಲ್ಲಿ ಬಂಡೆಯೇ ಇರಲಿಲ್ಲ! ಕಡೆಗೋಲು ಆಡಿದ ಮಜ್ಜಿಗೆಯ ಹಾಗೆ ಗೆರೆಗಳು ಸುತ್ತಿಕೊಂಡು ಏಳುತ್ತಿದ್ದವು. ನಡುವೆ ಒಂದು ಕರಿಯ ಸೀಳು. ಗಡಿಬಿಡಿಯಲ್ಲಿ ನಾನು ಎರಡು ರಟ್ಟಿನ ತುಂಡು ಕತ್ತರಿಸಿ, ಚೌಕಟ್ಟಿನಂತೆ ಹಿಡಿದು, ಆಕಾಶ ಬಿಟ್ಟೆ, ನೆಲ ಬಿಟ್ಟೆ, ಆ ಮನುಷ್ಯನನ್ನೂ ಬಿಟ್ಟೆ.

ಕುಲಕರ್ಣಿಗೆ ಸಿಟ್ಟು ಬಂತು. "ಮನಷ್ಯಾನ್ನ ಯಾಕ ತಗದ್ರಿ? ಎಷ್ಟು ಎತ್ತರ ಐತಿ ಅಂತ ನೋಡಾವ್ರಿಗೆ ಹೆಂಗ ತಿಳೀಬೇಕು?"

"ತಿಳೀಬಾರದು ಅಂತನ ತಗದೀನ್ರಿ" ಅಂದೆ.

ಸ್ಟುಡಿಯೋಕ್ಕೆ ಮುಂಬಯಿಯ ಚಿತ್ರಕಾರರು ತಮ್ಮ ಕ್ಯಾನ್ವಾಸಿನ ಫೋಟೋ ತೆಗೆಸಲು ಬರುತ್ತಿದ್ದರು. ಕೆಲವರದು ಆಬ್‌ಸ್ಟ್ರಾಕ್ಟ್, ಅಂದರೆ ಮರವೂ ಅಲ್ಲ, ಮನೆಯೂ ಅಲ್ಲ, ಬರೀ ಆಕಾರ ಮತ್ತು ಬಣ್ಣ. ಅವರು ಹೋದ ಮೇಲೆ ನಾವು ನಗುತ್ತಿದ್ದೆವು. ಆ ದಿನ ನನಗೆ ನಗು ಬರಲಿಲ್ಲ. ಅವರು ಕುಂಚದಲ್ಲಿ ಹುಡುಕುತ್ತಿದ್ದುದು ಇಲ್ಲಿ ನೀರಿನಿಂದ, ಗಾಳಿಯಿಂದ ಆಗಲೇ ಆಗಿಹೋಗಿತ್ತು.

ನಾನು ಮಾಡಿದ ಸಣ್ಣ ಪ್ರಿಂಟ್ ನೋಡಿದ ಪರಾಂಜಪೆ, "ಶಾಂತಾಬಾಯಿ, ಎಷ್ಟೊಂದು ಗೀರು! ಪೆನ್ಸಿಲ್ ಹಚ್ಚಿ ನಯ ಮಾಡಿ" ಎಂದರು.

"ಇದು ಮದುವೆ ಹುಡುಗಿ ಮುಖ ಅಲ್ಲ, ಸಾಹೇಬ. ಒಂದು ಗೆರೆ ಕೂಡ ನಾನು ಮುಟ್ಟೂದಿಲ್ಲ."

ಅವರ ಮುಖ ಕೆಂಪಾಯಿತು. "ಸರಿ, ನಿಮ್ಮ ಇಷ್ಟದ ಹಾಗೆಯೇ ಒಂದು ದೊಡ್ಡದು ಮಾಡಿ. ಶೆಟ್ಟಿ ಬೇಡವೆಂದರೆ ಮರುದಿನದಿಂದ ನೀವು ಬರುವುದು ಬೇಡ."

ಇಡೀ ಮನೆ ನನ್ನ ಪಗಾರದ ಮೇಲೆ ನಿಂತಿತ್ತು, ನಮ್ಮ ಮನೆ ಯಜಮಾನರ ಗಿರಣಿ ಕೆಲಸ ಹೋಗಿತ್ತು. ಆದರೂ ಮಾತು ಹಿಂದೆ ತಗೊಳ್ಳುವ ಜಾಯಮಾನ ನನ್ನದಲ್ಲ. ರೋಲಿನಿಂದ ಆಳುದ್ದದ ಬ್ರೋಮೈಡ್ ಫೋಟೋ ಕಾಗದ ಕತ್ತರಿಸಿ ಗೋಡೆಗೆ ಪಿನ್ ಮಾಡಿ, ಎನ್‌ಲಾರ್ಜರ್‌ನಿಂದ ಬೆಳಕು ಬಿಟ್ಟು, ತೊಟ್ಟಿಯಲ್ಲಿ ಸ್ಪಂಜಿನಿಂದ ಡೆವಲಪರ್ ಸವರಿದೆ. ಕೆಂಪು ದೀಪದಲ್ಲಿ ಗೆರೆಗಳು ಒಂದೊಂದಾಗಿ ಏಳುವುದನ್ನು ನೋಡುತ್ತ ನಾನೊಬ್ಬಳೇ ಜೋರಾಗಿ ನಕ್ಕೆ. ಅಷ್ಟು ಸಂತೋಷವಾಗಿತ್ತು.

ಬೆಳಗಿನ ಗಿರಾಕಿಗಳು ಬರುವ ಮೊದಲೇ ಅದನ್ನು ಹಾಲ್‌ನಲ್ಲಿ ಕಟ್ಟಿದೆವು. ಶೆಟ್ಟರು ಹತ್ತಿರ ಬಂದು ನೋಡಿದರು. "ಎಂತದಿದು?" ಎಂದರು. "ಬಾದಾಮಿ" ಎಂದೆ. ಅವರು ಗಲ್ಲಾಕ್ಕೆ ಹೋಗಿ ಕೂತರು. ಪರಾಂಜಪೆ ಕೈಕಟ್ಟಿ ಬಾಗಿಲಲ್ಲಿ ನಿಂತರು. ಜನ ಬಂದರು, ಇಡ್ಲಿ ತಿಂದರು, ಲೋಕಲ್ ಹಿಡಿಯಲು ಓಡಿದರು. ಕೆಲವರು ತಲೆಯೆತ್ತಿ ನೋಡಿ ಚಮಚ ಹಿಡಿದುಕೊಂಡೇ ಕೂತರು. ಶೆಟ್ಟರ ಕಣ್ಣು ಅವರ ಮೇಲೆಯೇ ಇತ್ತು. ಇವರು ಹೀಗೆ ಕೂತರೆ ಟೇಬಲ್ ಖಾಲಿಯಾಗುವುದು ಯಾವಾಗ ಎಂದು ಲೆಕ್ಕ ಹಾಕುತ್ತಿದ್ದಾರೆಂದೇ ನಾನು ತಿಳಿದೆ.

ಅಷ್ಟರಲ್ಲಿ ದಿನದ ಗಿರಾಕಿ, ಬೆಳಗಾವಿಯ ಹಿರಿಯರೊಬ್ಬರು ಕೂಗಿದರು. "ಏನ್ರೀ ಶೆಟ್ರ, ತಲಿ ಬುಡ ಒಂದೂ ತಿಳಿವಲ್ದು. ಇಳಸ್ರಿ ಇದನ್ನ, ಒಂದು ಚಲೋ ಸೀನರಿ ಹಾಕ್ರಿ."

ಪರಾಂಜಪೆ ನನ್ನ ಕಡೆ ನೋಡಿದರು. ಮುಗಿಯಿತು ಎಂದುಕೊಂಡೆ.

ಶೆಟ್ಟರು ಗಲ್ಲಾದಿಂದ ಎದ್ದು ಬಂದರು. "ತಿಳಿಯದಿದ್ದರೆ ಬಿಡಿ ಮಾರಾಯ್ರೆ, ನನಗೂ ಪೂರ್ತಿ ತಿಳಿಲಿಲ್ಲ. ಆದರೆ ಬೆಳಿಗ್ಗೆಯಿಂದ ಕಣ್ಣು ಅಲ್ಲಿಗೇ ಹೋಗ್ತದೆ. ಇಳಿಸುವ ಮಾತು ಮಾತ್ರ ಬೇಡ." ಆಮೇಲೆ ಪರಾಂಜಪೆಯವರಿಗೆ, "ಉಳಿದ ಎರಡೂ ಈ ಅಮ್ಮನೇ ಮಾಡಲಿ. ಬೇರೆಯವರು ಕೈ ಹಾಕುದು ಬೇಡ" ಎಂದರು.

ಅಷ್ಟು ಜನರ ನಡುವೆ ಕಣ್ಣಲ್ಲಿ ನೀರು ಬಂತು. ನಾನು ಒರೆಸಿಕೊಳ್ಳಲೂ ಇಲ್ಲ, ಬರಲಿ ಎಂದು ಬಿಟ್ಟೆ.

ಮುಂದೆ ಡಾರ್ಕ್‌ರೂಮಿನ ಉಪಕಾರದ ಮಾತು ಪರಾಂಜಪೆಯವರ ಬಾಯಲ್ಲಿ ಬರಲಿಲ್ಲ. ನಿವೃತ್ತಿಯವರೆಗೆ ನಾನು ಎಷ್ಟು ಮುಖಗಳನ್ನು ತಿದ್ದಿದೆನೋ ಲೆಕ್ಕವಿಲ್ಲ, ಒಂದರ ಮೇಲೂ ನನ್ನ ಹೆಸರಿಲ್ಲ. ತಿದ್ದಿದ್ದು ನನ್ನದಾಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬಿಟ್ಟದ್ದೇ ನನ್ನದಾಯಿತು, ನನ್ನ ಕಸುಬು ನನಗೆ ಕಲಿಸಿದ ಪಾಠ ಅಷ್ಟೇ. ಶೆಟ್ಟರ ಗೋಡೆಯ ಆ ಮೂರು ಚಿತ್ರಗಳಲ್ಲಿ ನಾನು ಒಂದು ಗೆರೆಯನ್ನೂ ತಿದ್ದಲಿಲ್ಲ. ಕುಲಕರ್ಣಿಯವರ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನು ನಾನೇ ದೊಡ್ಡದಾಗಿ ಬರೆದದ್ದು ಅವುಗಳ ಮೇಲೆ ಮಾತ್ರ.